ಮಾರ್ಕ್ ಕೋಲ್ಮನ್ ಅವರ ಸೆಣಸಾಟಗಳನ್ನು ಕುಸ್ತಿಯ ಕಣ್ಣಿನಿಂದ ನೋಡುವ ಕ್ರಮ

ಮಿಶ್ರ ಸಮರ ಕಲೆ, ಅಂದರೆ ಎಂಎಂಎ, ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಕುಸ್ತಿಪಟುವೊಬ್ಬರು ಅಲ್ಲಿಗೆ ಏನನ್ನು ತಂದರು, ಯಾವುದರ ಕೊರತೆಯಿಂದ ಸೋತರು ಎಂಬುದನ್ನು ಅರಿಯಲು ಅಮೆರಿಕದ ಮಾರ್ಕ್ ಕೋಲ್ಮನ್ ಅವರ ವೃತ್ತಿಜೀವನ ಒಳ್ಳೆಯ ಪಾಠ. ಅವರ 26 ವೃತ್ತಿಪರ ಪಂದ್ಯಗಳಲ್ಲಿ 16 ಗೆಲುವು, 10 ಸೋಲು. ಎಲ್ಲವನ್ನೂ ನೋಡಬೇಕಿಲ್ಲ, ಐದನ್ನು ಕಾಲಕ್ರಮದಲ್ಲಿ, ಏನನ್ನು ಗಮನಿಸಬೇಕೆಂದು ಮೊದಲೇ ತಿಳಿದು ನೋಡಿದರೆ ಸಾಕು. ದೃಶ್ಯಗಳಲ್ಲಿ ರಕ್ತವಿರುವುದರಿಂದ ಮಕ್ಕಳನ್ನು ಜೊತೆಯಲ್ಲಿ ಕೂರಿಸಿಕೊಳ್ಳದಿರುವುದು ಲೇಸು.

ಮೊದಲು ಹಿನ್ನೆಲೆ. ಒಹಾಯೊ ರಾಜ್ಯದ ಕೋಲ್ಮನ್ 1988ರಲ್ಲಿ ಅಮೆರಿಕದ ಕಾಲೇಜು ಕುಸ್ತಿಯ ಎನ್‌ಸಿಎಎ ಪ್ರಶಸ್ತಿ ಗೆದ್ದರು, 1991ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಪಡೆದರು, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 100 ಕೆ.ಜಿ. ವಿಭಾಗದಲ್ಲಿ ಏಳನೆಯವರಾದರು. ನಮ್ಮ ದಸರಾ ಕುಸ್ತಿಯನ್ನು ನೋಡಿ ಬೆಳೆದವರು ಇಲ್ಲಿ ಒಂದು ಅಭ್ಯಾಸವನ್ನು ಬದಿಗಿಡಬೇಕು. ಅಖಾಡದಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಪಂದ್ಯ ಮುಗಿಯುತ್ತದೆ. ಅಮೆರಿಕದ ಎಂಎಂಎ ಸಂಸ್ಥೆಯಾದ ಯುಎಫ್‌ಸಿಯ ಪಂಜರದಲ್ಲಿ ಅಸಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಬೆನ್ನ ಮೇಲೆ ಮಲಗಿದವನು ಸೋತವನಲ್ಲ. ಎರಡು ಕಾಲುಗಳ ನಡುವೆ ಎದುರಾಳಿಯನ್ನು ಸಿಕ್ಕಿಸಿಕೊಂಡು, ಅಂದರೆ ಗಾರ್ಡ್ ಹಾಕಿಕೊಂಡು, ಅವನು ಅಲ್ಲಿಂದಲೇ ಗೆಲ್ಲಬಲ್ಲ. 1994ರ ಡಿಸೆಂಬರ್‌ನಲ್ಲಿ, ಯುಎಫ್‌ಸಿ 4ರ ಫೈನಲ್‌ನಲ್ಲಿ, ಕುಸ್ತಿಪಟು ಡ್ಯಾನ್ ಸೆವರ್ನ್ ಸುಮಾರು ಹದಿನಾರು ನಿಮಿಷ ಮೇಲೆಯೇ ಇದ್ದು, ಕೆಳಗಿದ್ದ ರಾಯ್ಸ್ ಗ್ರೇಸಿ ಅವರ ಕಾಲುಗಳ ಕತ್ತರಿಯಲ್ಲಿ ಕತ್ತು ಸಿಕ್ಕಿ ಸೋತಿದ್ದರು.

ಈಗ ಮೊದಲ ಪಂದ್ಯ: 1996ರ ಜುಲೈ 12ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಯುಎಫ್‌ಸಿ 10ರ ಫೈನಲ್. ಆಗ ತೂಕದ ವಿಭಾಗಗಳಿರಲಿಲ್ಲ, ಕೈಗವಸು ಕಡ್ಡಾಯವಾಗಿರಲಿಲ್ಲ, ತಲೆಯಿಂದ ಗುದ್ದುವುದಕ್ಕೂ ಅಡ್ಡಿಯಿರಲಿಲ್ಲ. ಎದುರಾಳಿ ಡಾನ್ ಫ್ರೈ ಕೂಡ ಕಾಲೇಜಿನಲ್ಲಿ ಕುಸ್ತಿ ಆಡಿದವರೇ, ಯುಎಫ್‌ಸಿ 8ರ ವಿಜೇತರು. ಧ್ವನಿಯನ್ನು ಮುಚ್ಚಿ, ಕೋಲ್ಮನ್ ಅವರ ಮುಷ್ಟಿಗಳನ್ನಲ್ಲ, ಸೊಂಟವನ್ನು ನೋಡಿ. ಎರಡೂ ಕಾಲುಗಳಿಗೆ ಕೈ ಹಾಕಿ ಕೆಡಹಿದ ಮೇಲೆ ಅವರು ಎದೆಯ ಭಾರವನ್ನೆಲ್ಲ ಕೆಳಗಿನವನ ಮೇಲೆ ಹೇರಿ, ಹಣೆಯನ್ನು ಅವನ ಗಲ್ಲದ ಕೆಳಗೆ ಒತ್ತುತ್ತಾರೆ. ಹೊಡೆತ ಬರುವುದು ಆಮೇಲೆ. ಗ್ರೌಂಡ್ ಅಂಡ್ ಪೌಂಡ್ ಎಂದು ಹೆಸರಾದ ಈ ಕ್ರಮದ ಜನಕ ಎಂದು ಅವರನ್ನು ಕರೆಯುತ್ತಾರೆ. ಹನ್ನೊಂದೂವರೆ ನಿಮಿಷದ ಹೊತ್ತಿಗೆ ರೆಫರಿ ತಡೆಯುವಾಗ ಫ್ರೈ ಅವರ ಮುಖ ಊದಿಕೊಂಡಿರುತ್ತದೆ.

ಎರಡನೆಯದು 1997ರ ಫೆಬ್ರವರಿಯ ಯುಎಫ್‌ಸಿ 12. ಇಲ್ಲಿ ಕೋಲ್ಮನ್ ಮೂರು ನಿಮಿಷದೊಳಗೆ ಅದೇ ಸೆವರ್ನ್ ಅವರ ಕತ್ತನ್ನು ತೋಳಿನಲ್ಲಿ ಹಿಡಿದು ಹಿಂಡಿ, ಯುಎಫ್‌ಸಿಯ ಮೊದಲ ಹೆವಿವೇಟ್ ಚಾಂಪಿಯನ್ ಆದರು. ಒಮ್ಮೆ ನೋಡಿದರೆ ಸಾಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ಮೂರನೆಯದಕ್ಕೆ: 1997ರ ಜುಲೈನಲ್ಲಿ, ಯುಎಫ್‌ಸಿ 14ರಲ್ಲಿ, ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್ ವಿರುದ್ಧ. ಗೆದ್ದ ಪಂದ್ಯಗಳಿಗಿಂತ ಈ ಸೋಲಿನಲ್ಲೇ ಕಲಿಯುವುದು ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ. ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು, ಕೋಲ್ಮನ್ ಎಷ್ಟನೆಯ ನಿಮಿಷದಲ್ಲಿ ಬಾಯಿ ತೆರೆದು ಉಸಿರಾಡತೊಡಗುತ್ತಾರೆ ಎಂಬುದನ್ನು ಬರೆದಿಡಿ. ಅಂದಿನ ಅಂತರರಾಷ್ಟ್ರೀಯ ಫ್ರೀಸ್ಟೈಲ್ ಪಂದ್ಯ ಐದು ನಿಮಿಷದ್ದು. ಇಲ್ಲಿ ನಿಗದಿತ ಹದಿನೈದು ನಿಮಿಷ, ಅದರ ಮೇಲೆ ಮೂರು ಮೂರು ನಿಮಿಷದ ಎರಡು ಹೆಚ್ಚುವರಿ ಅವಧಿ. ನೆಲದ ಸೆಣಸಾಟದಲ್ಲಿ ಪಳಗಿದ ಎಂಎಂಎ ಪಟು ಫ್ರಾಂಕ್ ಶಾಮ್ರಾಕ್ ಜೊತೆ ಅಭ್ಯಾಸ ಮಾಡಿದ್ದ ಸ್ಮಿತ್, ಕೆಳಗೆ ಬಿದ್ದಾಗ ಎದ್ದೇಳಲು ಹೆಣಗುವುದಿಲ್ಲ. ಎದುರಾಳಿಯ ತಲೆಯನ್ನು ಎದೆಗೆ ಅಪ್ಪಿ ಹಿಡಿದು, ಹೊಡೆತಕ್ಕೆ ಬೇಕಾದ ಅಂತರವನ್ನೇ ಇಲ್ಲವಾಗಿಸಿ, ಕಾಲವನ್ನು ಸವೆಸುತ್ತಾರೆ. ಕೊನೆಗೆ ಇಬ್ಬರೂ ನಿಂತಾಗ ಕೋಲ್ಮನ್ ಅವರ ಕೈಗಳು ಜೋತುಬಿದ್ದಿರುತ್ತವೆ, ಸ್ಮಿತ್ ನಿಧಾನವಾಗಿ ತೊಡೆಗೆ ಒದೆಯುತ್ತಿರುತ್ತಾರೆ. ತೀರ್ಪುಗಾರರು ಸ್ಮಿತ್ ಕಡೆಗೆ ನಿಂತರು. ಮುಂದಿನ ಯುಎಫ್‌ಸಿ 15ರಿಂದಲೇ ತಲೆಯಿಂದ ಗುದ್ದುವುದನ್ನು ನಿಷೇಧಿಸಲಾಯಿತು. ಗಾರ್ಡ್‌ನೊಳಗಿದ್ದು ಹೊಡೆಯುವ ಕೋಲ್ಮನ್ ಅವರಂಥವರಿಗೆ ಅದು ದೊಡ್ಡ ನಷ್ಟ.

ನಾಲ್ಕನೆಯದರಲ್ಲಿ, 1998ರ ಮೇ ತಿಂಗಳ ಯುಎಫ್‌ಸಿ 17ರಲ್ಲಿ, ಕೊನೆಯ ಎರಡು ನಿಮಿಷಗಳನ್ನಷ್ಟೇ ನೋಡಿ: ದಣಿದು ನಿಂತ ಕೋಲ್ಮನ್ ಅವರ ಮುಖಕ್ಕೆ ಪೀಟ್ ವಿಲಿಯಮ್ಸ್ ಅವರ ಕಾಲು ಬೀಳುತ್ತದೆ. 1999ರಲ್ಲಿ ಜಪಾನಿನ ಪ್ರೈಡ್ ಸಂಸ್ಥೆಯಲ್ಲಿ ನೊಬುಹಿಕೊ ತಕಾಡಾ ವಿರುದ್ಧ ಅವರು ಸೋತ ಪಂದ್ಯವನ್ನು ಬಿಟ್ಟುಬಿಡಿ. ಅದರ ಫಲಿತಾಂಶದ ಬಗ್ಗೆ ಅನುಮಾನಗಳು ಇಂದಿಗೂ ಉಳಿದಿರುವುದರಿಂದ ಅದು ಅಧ್ಯಯನಕ್ಕೆ ಒದಗುವುದಿಲ್ಲ.

ಐದನೆಯದು 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ಪ್ರೈಡ್ ಗ್ರ್ಯಾಂಡ್ ಪ್ರಿ ಫೈನಲ್. ಇದನ್ನು ನೋಡುವ ಮುನ್ನ ಅಂದಿನ ದಿನದ ಲೆಕ್ಕವನ್ನು ಅರಿತಿರಬೇಕು. ಸೆಮಿಫೈನಲ್‌ನಲ್ಲಿ, ಮೊದಲೇ ಗಾಯಗೊಂಡಿದ್ದ ಕಜುಯುಕಿ ಫುಜಿಟಾ ಅವರ ಕಡೆಯವರು ಎರಡೇ ಸೆಕೆಂಡಿನಲ್ಲಿ ಸೋಲೊಪ್ಪಿ ಟವೆಲ್ ಎಸೆದಿದ್ದರಿಂದ ಕೋಲ್ಮನ್ ಅವರಿಗೆ ಬಿಡುವು ದೊರೆತಿತ್ತು. ಎದುರಾಳಿ ಇಗೋರ್ ವೊವ್‌ಚಾನ್‌ಚಿನ್ ಮಾತ್ರ ತಮ್ಮ ಸೆಮಿಫೈನಲ್‌ನಲ್ಲಿ ಜಪಾನಿನ ಕಜುಶಿ ಸಕುರಾಬಾ ಅವರೊಡನೆ ಸೆಣಸಿ ಬಂದಿದ್ದರು. ಸಿಡಿಲಿನಂಥ ಗುದ್ದಿಗೆ ಹೆಸರಾದ ಆ ಉಕ್ರೇನಿಗನೊಡನೆ ಕೋಲ್ಮನ್ ನಿಂತು ಹೊಡೆದಾಡುವುದೇ ಇಲ್ಲ. ಎರಡನೆಯ ಸುತ್ತಿನಲ್ಲಿ ಗಾರ್ಡ್ ದಾಟಿ, ನೆಲಕ್ಕೆ ಅದುಮಿ ಹಿಡಿದು, ಮಂಡಿಗಳಿಂದ ತಲೆಗೆ ಹೊಡೆಯುತ್ತಾರೆ, ವೊವ್‌ಚಾನ್‌ಚಿನ್ ಶರಣಾಗುತ್ತಾರೆ. ಯುಎಫ್‌ಸಿ 10ರಲ್ಲಿ ಹಣೆ ಮಾಡುತ್ತಿದ್ದ ಕೆಲಸ ಇಲ್ಲಿ ಮಂಡಿಗೆ ಬಂದಿದೆ. ಸಂಭ್ರಮದಲ್ಲಿ ಕೋಲ್ಮನ್ ಹಗ್ಗದ ಮೇಲೆ ನೆಗೆಯಲು ಹೋಗಿ ಮುಗ್ಗರಿಸುವವರೆಗೆ ವೀಡಿಯೊ ನಿಲ್ಲಿಸಬೇಡಿ.

ಸಮಯವಿದ್ದರೆ 2010ರ ಫೆಬ್ರವರಿಯ ಯುಎಫ್‌ಸಿ 109ನ್ನೂ ಸೇರಿಸಿಕೊಳ್ಳಬಹುದು. ಎದುರಾಳಿ ರ್‍ಯಾಂಡಿ ಕೌಚರ್ ಕೂಡ ಕುಸ್ತಿಯಿಂದಲೇ ಬಂದವರು, ಆದರೆ ನಿಂತು ಗುದ್ದುವುದನ್ನು ಶ್ರದ್ಧೆಯಿಂದ ಕಲಿತವರು. ಅವರು ಮೊದಲ ಸುತ್ತಿನುದ್ದಕ್ಕೂ ಮುಷ್ಟಿಯಿಂದಲೇ ಮೇಲುಗೈ ಸಾಧಿಸಿ, ಎರಡನೆಯ ಸುತ್ತಿನಲ್ಲಿ ಕೋಲ್ಮನ್ ಅವರನ್ನು ಕೆಡಹಿ, ಬೆನ್ನೇರಿ ಕತ್ತು ಹಿಸುಕಿ ಗೆದ್ದರು.