ಎಸ್‌ಪಿ ರೋಡಿನ ಬಿಡಿ ಡಯೋಡಿನಲ್ಲೇ ಡ್ಯುಯಲ್ ಸ್ಕೋಪ್ ಸರಿಹೋಯಿತು

ಗುಜರಿಯಲ್ಲಿ ಸುಮಾರು 3500 ರೂಪಾಯಿಗೆ ಸಿಕ್ಕ 20 ಮೆಗಾಹರ್ಟ್ಸ್ ಅನಲಾಗ್ ಸ್ಕೋಪ್ ಇದು, ಅಂದರೆ ಎರಡು ಸಿಗ್ನಲ್‌ಗಳನ್ನು ತೆರೆಯ ಮೇಲೆ ಗೆರೆಗಳಾಗಿ ತೋರಿಸುವ ಆಸಿಲೋಸ್ಕೋಪ್. ಎರಡನೇ ಚಾನೆಲ್ ಗೆರೆಯ ಮೇಲೆ ಒಂದನೇ ಚಾನೆಲ್‌ನ ನೆರಳು ಬೀಳುತ್ತಿತ್ತು. ಗೆಳೆಯರೆಲ್ಲ ಒಂದೇ ಮಾತು: "ಗುರೂ, ಬಿಟ್ಬಿಡಿ. ಒಂದಕ್ಕೊಂದು ಹೊಂದುವ ಡಯೋಡ್‌ಗಳ ಪ್ಯಾಕ್ ಇಲ್ಲದೆ ಅದು ಆಗಲ್ಲ." ಬಿಡಿ ಡಯೋಡಿನಲ್ಲೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಾವ ಚಾನೆಲ್ ತೋರಿಸಬೇಕೆಂದು ಆರಿಸುವ ಫ್ಲಿಪ್‌ಫ್ಲಾಪ್ ಮೇಲೆ ಅನುಮಾನ. ಅದರ ಐಸಿ 7474 ಕಿತ್ತು ಬೇರೆ ಹಾಕಿದೆ. ಒಂದು ಪ್ಯಾಡ್ ಎದ್ದು ಬಂತು, ನೆರಳು ಹಾಗೇ ಇತ್ತು. ಆಮೇಲೆ ಎರಡು ಚಾನೆಲ್‌ಗಳನ್ನು ವೇಗವಾಗಿ ಅದಲು ಬದಲು ಮಾಡಿಸುವ ಚಾಪ್ ಆಸಿಲೇಟರ್ ಹಿಂದೆ ಬಿದ್ದು ಎರಡು ಭಾನುವಾರ ಕಳೆದೆ. ಕೊನೆಗೆ ಹೊಳೆಯಿತು: ಎರಡೂ ಚಾನೆಲ್ ತೋರಿಸುವ ಆಲ್ಟ್, ಚಾಪ್ ಮೋಡ್ ಬಿಟ್ಟು ಬರೀ ಎರಡನೇ ಚಾನೆಲ್ ಒತ್ತಿದರೂ ನೆರಳು ಇದೆ. ಆಗ ಫ್ಲಿಪ್‌ಫ್ಲಾಪ್ ಒಂದೇ ಕಡೆ ನಿಂತಿರುತ್ತದೆ, ಅಲ್ವಾ? ಹಾಗಾದರೆ ಮುಚ್ಚಿರಬೇಕಾದ ಗೇಟೇ, ಅಂದರೆ ಚಾನೆಲ್‌ನ ಸಿಗ್ನಲ್ ಬಿಡುವ, ತಡೆಯುವ ಡಯೋಡ್ ಸ್ವಿಚ್ಚೇ, ಸೋರುತ್ತಿದೆ. ಒಂದನೇ ಚಾನೆಲ್‌ನ ಒಂದು ಡಯೋಡ್ ಲೀಕ್ ಆಗಿತ್ತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೂರು 1ಎನ್4148 ಡಯೋಡ್ ತಂದೆ, ನೂರು ರೂಪಾಯಿ ಚಿಲ್ಲರೆ. ಗೇಟುಗಳ ಎಂಟು ಡಯೋಡನ್ನೂ ಬದಲಿಸಿದೆ. ನೆರಳು ಹೋಯಿತು, ಆದರೆ ಸ್ಕೋಪ್ ಬಿಸಿಯಾದಂತೆ ಗೆರೆ ಅರ್ಧ ಡಿವಿಷನ್, ಅಂದರೆ ತೆರೆಯ ಮೇಲಿನ ಅರ್ಧ ಚೌಕ, ಸರಿಯತೊಡಗಿತು. ಮಲ್ಟಿಮೀಟರಿನ ಡಯೋಡ್ ಟೆಸ್ಟಿನಲ್ಲಿ ಒಂದೇ ವೋಲ್ಟೇಜ್ ತೋರಿಸುವ ಜೋಡಿ ಆರಿಸಿ ಹಾಕಿದೆ. ಆಗಲೂ ಸರಿದಾಡಿತು. ಮೀಟರ್ ಕೊಡುವುದು ಒಂದು ಮಿಲಿಆಂಪ್ ಆಸುಪಾಸು. ನನ್ನ ಗೇಟಿನಲ್ಲಿ ಹರಿಯುವುದು ನಾಲ್ಕು. ಅಲ್ಲಿ ಕೂಡಿದ ಜೋಡಿ ಇಲ್ಲಿ ಕೂಡುವುದಿಲ್ಲ.

ನಾಲ್ಕು ಮಿಲಿಆಂಪ್‌ನ ಕರೆಂಟ್ ಸೋರ್ಸ್ ಕಟ್ಟಿಕೊಂಡು ಮತ್ತೆ ಅಳೆದೆ. ಫ್ಯಾನ್ ಆರಿಸಿ, ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿದು. ಬಿಸಿ ಏರಿದಂತೆ ಡಯೋಡಿನ ವೋಲ್ಟೇಜ್ ಒಂದು ಡಿಗ್ರಿಗೆ ಎರಡು ಮಿಲಿವೋಲ್ಟ್ ಇಳಿಯುತ್ತದೆ, ಬೆರಳು ತಾಗಿದರೂ ಲೆಕ್ಕ ಕೆಡುತ್ತದೆ. ನೂರರಲ್ಲಿ ಒಂದು ಮಿಲಿವೋಲ್ಟ್ ಒಳಗೆ ಹೊಂದಿದ್ದು ಹನ್ನೆರಡೋ ಹದಿಮೂರೋ. ಜೋಡಿಗಳನ್ನು ಒಂದಕ್ಕೊಂದು ತಾಗಿಸಿ ಬೆಸೆದೆ. ಈಗ ಮೂರು ಗಂಟೆ ಓಡಿದರೂ ಗೆರೆ ಕದಲುವುದಿಲ್ಲ. ಇಷ್ಟು ಸ್ಥಿರವಾದ ಗೆರೆಯನ್ನು ಇದರ ಹತ್ತು ಪಟ್ಟು ಬೆಲೆಯ ಸ್ಕೋಪಿನಲ್ಲೂ ನಾನು ಕಂಡಿಲ್ಲ.

ಮಧ್ಯೆ ಬಿಎಟಿ85 ಎಂಬ ಶಾಟ್ಕಿ ಜಾತಿಯ ಡಯೋಡ್ ಹಾಕಿಯೂ ನೋಡಿದೆ. ಅದರ ಕೆಪಾಸಿಟೆನ್ಸ್ ಜಾಸ್ತಿ, ಮುಚ್ಚಿದ್ದರೂ ವೇಗದ ಸಿಗ್ನಲ್ ನುಸುಳುತ್ತದೆ; ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟಾಗ ನೆರಳು ವಾಪಸ್ ಬಂತು. ಚಾಪ್ ವೇಗ 250 ಕಿಲೋಹರ್ಟ್ಸ್‌ನಿಂದ 500ಕ್ಕೆ ಏರಿಸಿದೆ. ಒಂದೊಂದು ಚಾನೆಲ್‌ಗೆ ಸಿಗುವುದು ಒಂದು ಮೈಕ್ರೋಸೆಕೆಂಡ್, ಅದರಲ್ಲಿ ಸುಮಾರು 0.3 ಬ್ಲ್ಯಾಂಕಿಂಗ್‌ಗೆ, ಅಂದರೆ ಚಾನೆಲ್ ಬದಲಾಗುವಾಗ ಗೆರೆ ಕಾಣದಂತೆ ಆರಿಸುವುದಕ್ಕೆ, ಹೋಯಿತು. ಗೆರೆ ಮಂಕಾಯಿತು. ಮತ್ತೆ 250ಕ್ಕೇ ತಂದೆ. ಎರಡು ಗೆರೆಗಳ ನಡುವಿನ ಮಬ್ಬು ಪೂರ್ತಿ ಹೋಗಲು ಬ್ಲ್ಯಾಂಕಿಂಗ್ ಪಲ್ಸನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬೇಕು. ಎಷ್ಟು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎರಡೂ ಚಾನೆಲ್ ಕೂಡಿಸಿ ತೋರಿಸುವ ಆ್ಯಡ್ ಮೋಡ್ ಒಂದು ಉಳಿದಿತ್ತು, ಅಲ್ಲಿ ಗೆರೆಯೇ ಮಾಯ. ಎರಡೂ ಗೇಟ್ ತೆರೆದಾಗ ದುಪ್ಪಟ್ಟಾಗುವ ಡಿಸಿ ಕರೆಂಟನ್ನು ಸರಿದೂಗಿಸುವ ಟ್ರಾನ್ಸಿಸ್ಟರ್ ಸತ್ತಿತ್ತು. ಮೂರು ರೂಪಾಯಿಯ ಬಿಸಿ557 ಹಾಕಿದೆ, ಗೆರೆ ನಟ್ಟನಡುವೆ ಬಂದು ನಿಂತಿತು.