ಮೂರು ಡೆಲ್ಟಾಗಳಿಗೆ ಒಂದೇ ಅಳತೆ: ಜಾಲ ಕಟ್ಟಿದ ನನ್ನ ಅನುಭವ

ನದಿಮುಖಜ ಭೂಮಿಗಳ, ಅಂದರೆ ಡೆಲ್ಟಾಗಳ, ಅಂತರರಾಷ್ಟ್ರೀಯ ಜಾಲ ಕಟ್ಟುವಾಗ ಸಮ್ಮೇಳನದ ದಿನಾಂಕಕ್ಕಿಂತ ಮುಂಚೆ ಗೊತ್ತುಮಾಡಿಕೊಳ್ಳಬೇಕಾದ್ದು ಸೊನ್ನೆ. ‘ಸಮುದ್ರ ಮಟ್ಟದಿಂದ ಇಷ್ಟು ಎತ್ತರ’ ಎಂದು ಒಬ್ಬೊಬ್ಬರು ಬರೆಯುವಾಗ ಯಾವ ಸಮುದ್ರದ ಯಾವ ಮಟ್ಟದಿಂದ ಎಣಿಸುತ್ತಿದ್ದಾರೆ ಎಂಬುದು ತಿಳಿಯದೆ ಮುಂದಿನ ಯಾವ ಕೆಲಸವೂ ಗಟ್ಟಿಯಾಗುವುದಿಲ್ಲ.

ನಾವು ಹಿಡಿದದ್ದು ಮೂರು ಡೆಲ್ಟಾ: ಗಂಗಾ-ಬ್ರಹ್ಮಪುತ್ರ-ಮೇಘನಾ, ವಿಯೆಟ್ನಾಮಿನ ಮೆಕಾಂಗ್, ಆಂಧ್ರದ ಕೃಷ್ಣಾ. ಬಾಂಗ್ಲಾದೇಶದಲ್ಲಿ ಒಡ್ಡುಗಳ ಎತ್ತರವನ್ನು ಲೋಕೋಪಯೋಗಿ ಇಲಾಖೆಯ ಸೊನ್ನೆಯಿಂದ ಬರೆಯುತ್ತಾರೆ. ಅದು ಸರಾಸರಿ ಸಮುದ್ರ ಮಟ್ಟಕ್ಕಿಂತ 0.46 ಮೀಟರ್ ಕೆಳಗಿದೆ. 4.5 ಮೀಟರ್ ಎಂದು ಬರೆದ ಒಡ್ಡು ಸಮುದ್ರದ ಲೆಕ್ಕದಲ್ಲಿ 4.04 ಮೀಟರ್. ವಿಯೆಟ್ನಾಮಿನ ಸೊನ್ನೆ ಇರುವುದು ಉತ್ತರದ ಹೋನ್ ಡಾವ್ ಎಂಬಲ್ಲಿ, ಮೆಕಾಂಗ್ ಡೆಲ್ಟಾ ಇರುವುದು ದಕ್ಷಿಣದ ತುದಿಯಲ್ಲಿ. ಉಪಗ್ರಹ ಆಧಾರಿತ ನಕ್ಷೆಗಳ ಪ್ರಕಾರ ಈ ಡೆಲ್ಟಾದ ಸರಾಸರಿ ಎತ್ತರ ಸುಮಾರು 2.6 ಮೀಟರ್ ಎಂದೇ ನಂಬಿಕೆಯಿತ್ತು. ನೆಲದ ಮೇಲಿನ ಅಳತೆಗಳನ್ನು ಸ್ಥಳೀಯ ಸಮುದ್ರ ಮಟ್ಟಕ್ಕೆ ಹೊಂದಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಸುಮಾರು 0.8 ಮೀಟರ್‌ಗೆ ಇಳಿಯಿತು. ಒಂದೂವರೆ ಮೀಟರಿಗೂ ಹೆಚ್ಚಿನ ಈ ವ್ಯತ್ಯಾಸದಲ್ಲಿ ಲಕ್ಷಾಂತರ ಜನರ ಮನೆ, ಗದ್ದೆಗಳಿವೆ.

ಹಾಗಾಗಿ ಪ್ರತಿ ತಾಣದಲ್ಲೂ ಉಬ್ಬರ ಇಳಿತದ ಮಾಪಕ ಹಾಕಿ, ಅಲ್ಲಿಂದ ಕಲ್ಲಿನ ಗುರುತಿಗೆ ಲೆವೆಲ್ಲಿಂಗ್ (ಎತ್ತರದ ವ್ಯತ್ಯಾಸದ ಅಳತೆ) ಮಾಡಿ, ಆ ಗುರುತಿನ ಮೇಲೆ ಉಪಗ್ರಹಗಳ ನೆರವಿನಿಂದ ಸ್ಥಾನ, ಎತ್ತರ ಅಳೆಯುವ ಜಿಎನ್‌ಎಸ್‌ಎಸ್ ಉಪಕರಣವನ್ನು ಹಲವು ತಾಸು ಕದಲಿಸದೆ ಇಟ್ಟೆವು. ಉಬ್ಬರದ ಪೂರ್ಣ ಆವರ್ತನ 18.6 ವರ್ಷದ್ದು, ಅಷ್ಟು ಕಾಯಲಾಗದು. ಕನಿಷ್ಠ ಒಂದು ವರ್ಷ ಅಳೆದು, ಹತ್ತಿರದ ಹಳೆಯ ಮಾಪಕದ ದಾಖಲೆಯೊಂದಿಗೆ ಹೋಲಿಸಿ ಸರಾಸರಿ ಕಟ್ಟಬಹುದು. ಮೂರು ತಿಂಗಳ ಅಳತೆಯಿಂದ ಸೊನ್ನೆ ನಿರ್ಧರಿಸಬೇಡಿ. ಮಳೆಗಾಲದ ಹೊಳೆನೀರೇ ಮಟ್ಟವನ್ನು ಏರಿಸಿರುತ್ತದೆ.

ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಮೂರೂ ಕಡೆ ಒಂದೇ ವಿಧಾನ: ಆರ್‌ಎಸ್‌ಇಟಿ, ಅಂದರೆ ಸರಳು ನೆಟ್ಟು ನೆಲದ ಮೇಲ್ಮೈಯ ಎತ್ತರ ಅಳೆಯುವ ಉಪಕರಣ. 15 ಮಿಲಿಮೀಟರ್ ದಪ್ಪ, 1.2 ಮೀಟರ್ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನು ಒಂದರ ತುದಿಗೆ ಒಂದು ತಿರುಚಿ ಜೋಡಿಸುತ್ತ, ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಬಡಿಯಬೇಕು. ತಲೆಯ ಸುತ್ತ 15 ಸೆಂಟಿಮೀಟರ್ ಅಗಲದ ಪಿವಿಸಿ ಪೈಪು ಹೂತು ಕಾಂಕ್ರೀಟ್ ತುಂಬಬೇಕು. ಅಳೆಯುವ ದಿನ ಮಾತ್ರ ಅಡ್ಡತೋಳು ಕೂರಿಸಿ, 4 ದಿಕ್ಕಿನಲ್ಲಿ 9 ಕಡ್ಡಿಗಳನ್ನು ನೆಲಕ್ಕೆ ತಾಗಿಸಿದರೆ 36 ಓದುಗಳು ಸಿಗುತ್ತವೆ. ಪಕ್ಕದಲ್ಲಿ 50 ಸೆಂಟಿಮೀಟರ್ ಚೌಕದ ಮೇಲೆ ಬಿಳಿ ಫೆಲ್ಡ್‌ಸ್ಪಾರ್ ಪುಡಿಯನ್ನು ಸುಮಾರು 1 ಸೆಂಟಿಮೀಟರ್ ದಪ್ಪ ಹರಡಿದರೆ, ಮುಂದೆ ಕೊರೆದು ನೋಡಿದಾಗ ಬಿಳಿ ಗೆರೆಯ ಮೇಲೆ ಎಷ್ಟು ಮೆಕ್ಕಲು ಕೂತಿದೆ ಎಂಬುದು ಕಾಣುತ್ತದೆ. ಮೆಕ್ಕಲು 10 ಮಿಲಿಮೀಟರ್ ಕೂತು, ನೆಲ ಏರಿದ್ದು 6 ಮಾತ್ರ ಎಂದಾದರೆ ಉಳಿದ 4 ಮಿಲಿಮೀಟರ್ ಸರಳಿನ ಬುಡದಿಂದ ಮೇಲಿನ ಮಣ್ಣು ಅಮುಕಿಕೊಂಡದ್ದು. ಬುಡಕ್ಕಿಂತ ಆಳದ ಕುಸಿತ ಈ ಲೆಕ್ಕದಲ್ಲಿ ಬರುವುದಿಲ್ಲ, ಅದಕ್ಕೇ ಸರಳಿನ ತಲೆಯನ್ನು ಜಿಎನ್‌ಎಸ್‌ಎಸ್ ಗುರುತಿಗೆ ಕಟ್ಟುವುದು. ಇದನ್ನು ಬಿಟ್ಟ ತಾಣ ‘ಇಲ್ಲಿ ನೆಲ ಏರುತ್ತಿದೆ’ ಎಂದು ಸುಳ್ಳು ಧೈರ್ಯ ಕೊಡುತ್ತದೆ.

ಇಲ್ಲಿ ಕೆಡುವುದು ಹೆಚ್ಚಾಗಿ ಕಾಲಿನಿಂದ. ಮೆತ್ತನೆ ಕೆಸರಿನಲ್ಲಿ ಒಂದು ಹೆಜ್ಜೆ ಇಟ್ಟರೆ ವರ್ಷದ ಅಳತೆ ಹಾಳು. ಸರಳು ನೆಡುವ ಮೊದಲೇ ಹಲಗೆಯ ಅಟ್ಟಣಿಗೆ ಕಟ್ಟಿ, ಕೊನೆಯವರೆಗೂ ಅದರ ಮೇಲಿಂದಲೇ ಅಳೆಯಬೇಕು. ಕಡ್ಡಿ ಏಡಿಯ ಬಿಲಕ್ಕೆ ಇಳಿದರೆ ಆ ಓದನ್ನು ಅಳಿಸದೆ ‘ಏಡಿ’ ಎಂದು ಪಕ್ಕದಲ್ಲಿ ಬರೆಯಬೇಕು. ಓದುವವರು ಬದಲಾದರೆ ಹಳಬರೂ ಹೊಸಬರೂ ಒಂದು ಸಲ ಒಟ್ಟಿಗೆ ಓದಬೇಕು. ನೆಟ್ಟ ಕೂಡಲೇ ಮೊದಲ ಓದು ಬೇಡ, ಕದಡಿದ ಮಣ್ಣು ಕೂತು ಗಟ್ಟಿಯಾಗಲು ಕೆಲವು ತಿಂಗಳು ಬಿಡಬೇಕು. ಅಮೆರಿಕದ ಲೂಸಿಯಾನಾದಲ್ಲಿ ಸುಮಾರು 390 ತಾಣಗಳಲ್ಲಿ ಒಂದೇ ಪದ್ಧತಿಯಿಂದ ಕರಾವಳಿಯನ್ನು ಅಳೆಯುತ್ತಾರೆ. ಅಲ್ಲಿನ ಕೈಪಿಡಿಯ ಶಿಸ್ತನ್ನು ನಾವು ಧಾರಾಳವಾಗಿ ಎರವಲು ಪಡೆದೆವು.

ಉಪ್ಪಿನ ಅಳತೆ ಸುಲಭ ಅನಿಸುತ್ತದೆ, ಗೊಂದಲ ಹೆಚ್ಚು ಅಲ್ಲೇ. ಮೆಕಾಂಗ್‌ನವರು ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ, ಅವರ ನಕ್ಷೆಯ ಎಚ್ಚರಿಕೆಯ ಗೆರೆ 4 ಗ್ರಾಂ. ಭತ್ತದ ವಿಜ್ಞಾನಿಗಳು ಮಣ್ಣಿನ ಡೆಸಿಸೀಮೆನ್ಸ್ ಲೆಕ್ಕದಲ್ಲಿ, ಅಂದರೆ ಉಪ್ಪು ಹೆಚ್ಚಿದಷ್ಟೂ ಹೆಚ್ಚುವ ವಿದ್ಯುತ್ ವಾಹಕತೆಯ ಲೆಕ್ಕದಲ್ಲಿ, ಮಾತಾಡುತ್ತಾರೆ, ಅವರ ಪ್ರಕಾರ 3 ದಾಟಿದರೆ ಇಳುವರಿ ಇಳಿಯತೊಡಗುತ್ತದೆ. ಒಂದು ನೀರಿನದು, ಇನ್ನೊಂದು ಮಣ್ಣಿನದು. ಮಣ್ಣಿನಲ್ಲೂ ಪೂರ್ತಿ ನೆನೆಸಿ ಹಿಂಡಿದ ರಸದ ಓದು ಬೇರೆ, ಒಂದು ಪಾಲು ಮಣ್ಣಿಗೆ ಐದು ಪಾಲು ನೀರು ಬೆರೆಸಿದ ಓದು ಬೇರೆ. ಮೊದಲನೆಯದು ಮಣ್ಣಿನ ಗುಣಕ್ಕೆ ತಕ್ಕಂತೆ ಹಲವು ಪಟ್ಟು ಹೆಚ್ಚು ಬರುತ್ತದೆ. ಪಟ್ಟಿಯಲ್ಲಿ ವಿಧಾನದ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಸೇರಿಸಿಕೊಳ್ಳಲೇಬಾರದು. ಮೀಟರನ್ನು ಪ್ರತಿ ವಾರ ಮೀಟರಿಗೆ 1.413 ಮತ್ತು 12.88 ಡೆಸಿಸೀಮೆನ್ಸ್ ವಾಹಕತೆಯ ದ್ರಾವಣಗಳಲ್ಲಿ ಸರಿನೋಡಿ, ಓದನ್ನು 25 ಡಿಗ್ರಿ ಶಾಖಕ್ಕೆ ಹೊಂದಿಸಬೇಕು. ಕಾಲುವೆಯಲ್ಲಿ ಉಬ್ಬರ ತುಂಬಿ ನೀರು ನಿಂತ ಹೊತ್ತಿಗೆ ಮೇಲೊಂದು, ತಳದ ಹತ್ತಿರ ಒಂದು ಮಾದರಿ ತೆಗೆಯಬೇಕು. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ನುಸುಳಿ ಬರುತ್ತದೆ. ಮೇಲ್ಪದರ ಮಾತ್ರ ನೋಡಿ ತೂಬು ತೆರೆದರೆ ಗದ್ದೆಗೆ ಹೋಗುವುದು ತಳದ ನೀರು.

ಕಾಗದದ ತಪ್ಪುಗಳೂ ಕಡಿಮೆಯಲ್ಲ. ಬಂಗಾಳಿ ಲಿಪಿಯ ನಾಲ್ಕು ಇಂಗ್ಲಿಷಿನ ಎಂಟರಂತೆ ಕಾಣುತ್ತದೆ, ಏಳು ಒಂಬತ್ತರಂತೆ. ವಿಯೆಟ್ನಾಮಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಅವರ ಒಂದೂಕಾಲು ನಮ್ಮ ಕಂಪ್ಯೂಟರಿನಲ್ಲಿ ನೂರಿಪ್ಪತ್ತೈದು ಆದೀತು. ಢಾಕಾ ಗಡಿಯಾರ ನಮಗಿಂತ ಅರ್ಧ ತಾಸು ಮುಂದೆ, ವಿಯೆಟ್ನಾಮಿನದು ಒಂದೂವರೆ ತಾಸು ಮುಂದೆ. ಉಬ್ಬರದ ಲೆಕ್ಕದಲ್ಲಿ ಅಷ್ಟು ಸಾಕು ಎಲ್ಲ ಏರುಪೇರಾಗಲು. ಓದುವವರು ತಮ್ಮ ಭಾಷೆಯಲ್ಲೇ ಬರೆಯಲಿ, ಹಾಳೆಯ ಫೋಟೊ ಅದೇ ದಿನ ಕಳಿಸಲಿ, ಅಂಕಿಗಳನ್ನು ಆ ಭಾಷೆ ಬಲ್ಲವರೇ ಕಂಪ್ಯೂಟರಿಗೆ ಏರಿಸಲಿ.

ಪ್ರತಿ ಡೆಲ್ಟಾದಲ್ಲಿ ಮೂವರು ಬೇಕು: ಸಂಶೋಧನಾ ಸಂಸ್ಥೆಯವರೊಬ್ಬರು, ತೂಬು ತೆರೆಯುವ ಅಧಿಕಾರವಿರುವ ಇಲಾಖೆಯವರೊಬ್ಬರು, ಊರಿನಲ್ಲೇ ಇದ್ದು ಅಳತೆ ಓದುವವರೊಬ್ಬರು. ಊರಿನವರ ಗೌರವಧನವನ್ನು ಬಜೆಟ್ಟಿನಲ್ಲಿ ಮೊದಲ ಸಾಲಾಗಿ ಬರೆಯಿರಿ. ಕೊನೆಗೆ ಬರೆದದ್ದು ಮೊದಲು ಕಡಿತವಾಗುತ್ತದೆ.

ಹಣದ ದಾರಿಯನ್ನು ಒಪ್ಪಂದಕ್ಕೆ ಮುಂಚೆಯೇ ನೋಡಿಕೊಳ್ಳಬೇಕು. ಭಾರತದಲ್ಲಿ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ 20 ಮೀರಬಾರದು. ಹಾಗಾಗಿ ಭಾರತದ ಸಂಸ್ಥೆಯೊಂದನ್ನು ಕೇಂದ್ರವಾಗಿಟ್ಟು ಉಳಿದವರಿಗೆ ಹಂಚುವ ಯೋಜನೆ ಕಾಗದದಲ್ಲೇ ಬೀಳುತ್ತದೆ. ಪ್ರತಿ ಸಂಸ್ಥೆಯೂ ದಾನಿಯೊಂದಿಗೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ಬಾಂಗ್ಲಾದೇಶದಲ್ಲಿ ಸ್ವಯಂಸೇವಾ ಸಂಸ್ಥೆಗಳ ವ್ಯವಹಾರ ಬ್ಯೂರೋದ ಅನುಮತಿಯಿಲ್ಲದೆ ವಿದೇಶಿ ಹಣದ ಯೋಜನೆ ಶುರುವಾಗದು. ಗಂಗಾ, ಬ್ರಹ್ಮಪುತ್ರ ಕಣಿವೆಗಳ ನೀರಿನ ಹರಿವಿನ ದತ್ತಾಂಶ ಭಾರತದಲ್ಲಿ ವರ್ಗೀಕೃತ, ಅದನ್ನು ಹಂಚಿಕೊಳ್ಳುತ್ತೇವೆಂದು ಯಾವ ಒಪ್ಪಂದದಲ್ಲೂ ಬರೆಯಬೇಡಿ. ನಾವೇ ಅಳೆದದ್ದನ್ನು ಮಾತ್ರ ಹಂಚುವುದು ಎಂದು ಬರೆದರೆ ಸಹಿಗೆ ತಡವಾಗುವುದಿಲ್ಲ. ಬೀಜಕ್ಕೂ ಇದೇ ಎಚ್ಚರ. ಕುಮಟಾದ ಗಜನಿ (ಕರಾವಳಿಯ ಉಪ್ಪುನೀರು ನುಗ್ಗುವ) ಗದ್ದೆಗಳ ಕಗ್ಗ ಭತ್ತ ಉಪ್ಪು ತಡೆಯುತ್ತದೆ ಎಂದು ಕೇಳಿದ ಹೊರದೇಶದವರು ಒಂದು ಹಿಡಿ ಕೇಳುವುದು ಸಹಜ. ಆದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ರಾಷ್ಟ್ರೀಯ ಪ್ರಾಧಿಕಾರದ ಅನುಮತಿಯಿಲ್ಲದೆ ಕೊಡುವಂತಿಲ್ಲ. ರೈತರು ಬಂದು ನೋಡಿ, ಬಿತ್ತುವ ಕ್ರಮ ಕಲಿತು ಹೋಗಬಹುದು.

ಜಾಲದ ನಿಜವಾದ ಉಪಯೋಗ ಕಂಡದ್ದು ಒಂದು ಕಡೆಯ ಉಪಾಯ ಇನ್ನೊಂದು ಕಡೆ ನಡೆಯುವುದೇ ಎಂದು ಲೆಕ್ಕಹಾಕಿದಾಗ. ಬಾಂಗ್ಲಾದೇಶದ ಕರಾವಳಿಯಲ್ಲಿ 1960ರ ದಶಕದಿಂದ ಕಟ್ಟುತ್ತ ಬಂದ 139 ಪೋಲ್ಡರ್‌ಗಳಿವೆ, ಅಂದರೆ ಸುತ್ತ ಒಡ್ಡು ಹಾಕಿದ ಭೂಮಿ. ಉಬ್ಬರದ ನೀರು ಗದ್ದೆಗೆ ಹೋಗುವುದು ನಿಂತು, ಹೂಳೆಲ್ಲ ನದಿಯ ಪಾತ್ರದಲ್ಲೇ ಕೂತಿತು. ನದಿ ಮೇಲೇರಿತು, ಗದ್ದೆ ತಗ್ಗಾಗಿ ಮಳೆನೀರು ನಿಂತಿತು. 1997ರಲ್ಲಿ ಬೀಲ್ ಭೈನಾದ (ಬೀಲ್ ಎಂದರೆ ನೀರು ನಿಲ್ಲುವ ತಗ್ಗು ಭೂಮಿ) ಜನ ತಾವೇ ಒಡ್ಡು ಕಡಿದರು. ಉಬ್ಬರದೊಂದಿಗೆ ಹೂಳು ಒಳಗೆ ಬಂದು ನೆಲ ಎತ್ತರವಾಯಿತು, ಹರಿ ನದಿ ಆಳವಾಯಿತು. ಸರ್ಕಾರ ಅದನ್ನೇ ವಿಧಾನವಾಗಿ ಒಪ್ಪಿಕೊಂಡಿತು. ಕಷ್ಟಗಳೂ ಇವೆ: ಕಡಿದ ಬಾಯಿಯ ಹತ್ತಿರ ಹೂಳು ದಪ್ಪ ಕೂತು ದೂರದ ಮೂಲೆ ತಗ್ಗಾಗಿಯೇ ಉಳಿಯುತ್ತದೆ, ಕೆಲವು ವರ್ಷ ಬೆಳೆ ಕಳೆದುಕೊಳ್ಳುವವರಿಗೆ ಪರಿಹಾರ ತಡವಾದರೆ ಮುಂದಿನ ಬೀಲಿನವರು ಒಪ್ಪುವುದಿಲ್ಲ. ಒಂದು ಮೂಲೆ ತುಂಬಿದ ಮೇಲೆ ಬಾಯಿಯನ್ನು ಬೇರೆ ಕಡೆಗೆ ಬದಲಿಸಬೇಕು, ಪರಿಹಾರ ಒಡ್ಡು ಕಡಿಯುವ ಮೊದಲೇ ಕೈಸೇರಬೇಕು.

ಈ ಉಪಾಯ ಕೃಷ್ಣಾಕ್ಕೆ ಹೊಂದುವುದೇ? ಎರಡು ಅಂಕಿ ಬೇಕು: ಉಬ್ಬರದ ಎತ್ತರ, ನೀರಿನಲ್ಲಿ ತೇಲುವ ಹೂಳು. ಹೂಳಿಗೆ ಒಂದು ಲೀಟರ್ ನೀರು ಸೋಸಿ, ಸೋಸುಹಾಳೆಯನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಸೋಸಿದ ಮೇಲೆ ಬಟ್ಟಿ ಇಳಿಸಿದ ನೀರಿನಿಂದ ತೊಳೆಯಲು ಮರೆತರೆ ಹಾಳೆಯಲ್ಲಿ ಉಳಿದ ಉಪ್ಪೂ ಹೂಳೆಂದು ತೂಗುತ್ತದೆ. ಬೇಸಿಗೆಯ ಮಾದರಿಗಳು ಮೋಸ ಮಾಡುವುದು ಹೀಗೆ. ಬಾಂಗ್ಲಾದೇಶದ ಖುಲ್ನಾ ಭಾಗಕ್ಕೆ ಹೋಲಿಸಿದರೆ ಕೃಷ್ಣಾ ಮುಖದಲ್ಲಿ ಉಬ್ಬರವೂ ಕಡಿಮೆ, ಹೂಳೂ ಕಡಿಮೆ. ಒಡ್ಡು ಕಡಿದರೆ ಒಳಗೆ ಬರುವುದು ಉಪ್ಪುನೀರು ಮಾತ್ರ. ಅಲ್ಲಿ ಈ ವಿಧಾನ ಬೇಡ ಎಂದು ಹೇಳಲು ಸಾಧ್ಯವಾದದ್ದು ಎರಡೂ ಕಡೆ ಒಂದೇ ರೀತಿ ಅಳೆದದ್ದರಿಂದ.

ಕೃಷ್ಣೆಯ ಹೂಳು ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರದ ಒಂದು ಭಾಗ ಹೊಸಪೇಟೆಯಲ್ಲಿದೆ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ, ಈಗಿನದು 105.8ರಷ್ಟು. ಸುಮಾರು 27 ಟಿಎಂಸಿ ಜಾಗವನ್ನು ಹೂಳು ತಿಂದಿದೆ, ಅಂದರೆ 76 ಕೋಟಿ ಘನ ಮೀಟರ್. ಅದೆಲ್ಲವೂ ಸಮುದ್ರದವರೆಗೆ ಹೋಗುತ್ತಿರಲಿಲ್ಲ, ದಾರಿಯಲ್ಲಿ ಶ್ರೀಶೈಲವೂ ನಾಗಾರ್ಜುನ ಸಾಗರವೂ ಇವೆ. ಆದರೂ ಡೆಲ್ಟಾದ ಜಾಲ ಡೆಲ್ಟಾದಲ್ಲೇ ನಿಂತರೆ ಲೆಕ್ಕದ ಅರ್ಧ ಪುಟ ಖಾಲಿ ಉಳಿಯುತ್ತದೆ. ಮೇಲ್ದಂಡೆಯ ತಾಣಕ್ಕೆ ದೊಡ್ಡ ಉಪಕರಣ ಬೇಡ: ಅಣೆಕಟ್ಟಿನ ಮೇಲೂ ಕೆಳಗೂ ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಂದು ಲೀಟರ್ ನೀರು, ಮೊದಲ ಕೆಂಪು ನೀರು ಬರುವ ವಾರ ದಿನಕ್ಕೊಂದು, ಜೊತೆಗೆ ಆ ದಿನ ಯಾವ ಗೇಟು ಎಷ್ಟು ತಾಸು ತೆರೆದಿತ್ತು ಎಂಬ ಒಂದು ಸಾಲು.