ವೆನೀರ್ ಶೆಲ್ಫಿನ ಅಂಚಿಗೆ ತೇಗದ ಪಟ್ಟಿ: ನನ್ನ ಅನುಭವ

ಮೂಡಿಗೆರೆಯ ನಮ್ಮ ಮನೆಗೆ ಪುಸ್ತಕದ ಶೆಲ್ಫ್ ಮಾಡಲು 19 ಎಂಎಂನ ತೇಗದ ವೆನೀರ್ ಪ್ಲೈವುಡ್, ಅಂದರೆ ಮೇಲೆ ತೇಗದ ತೆಳು ಹಾಳೆ ಅಂಟಿಸಿದ ಪ್ಲೈವುಡ್ ತಂದಿದ್ದೆ. ಮೇಲ್ಮೈ ಚೆಂದ, ಅಂಚಿನಲ್ಲಿ ಮಾತ್ರ ಪದರಗಳು ಎದ್ದು ಕಾಣುತ್ತವೆ. ಅದನ್ನು ಮುಚ್ಚಲು ಅಂಚಿಗೆ ಅಂಟಿಸುವ ಟೇಪು ಮಲೆನಾಡಿನ ಮಳೆಗಾಲಕ್ಕೆ ಆಗಿಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗಟ್ಟಿ ಮರದ ಪಟ್ಟಿಯನ್ನೇ ಕೂರಿಸಿದೆ.

ತೋಟದಲ್ಲೇ ಸಿಲ್ವರ್ ಓಕ್ ಇತ್ತು, ಬಣ್ಣ ಹೊಂದುವುದಿಲ್ಲ. ಹಳೇ ಬಾಗಿಲ ಚೌಕಟ್ಟಿನ ತೇಗ ಅಟ್ಟದ ಮೇಲಿತ್ತು. ಚೆನ್ನಾಗಿ ಒಣಗಿದ ಮರ. ಸೀಳುವ ಮೊದಲು ಅಯಸ್ಕಾಂತ ಆಡಿಸಿ, ಒಳಗೆ ಮುರಿದು ಉಳಿದ ಮೊಳೆ ಇದ್ದರೆ ತೆಗೆಯಬೇಕು. ಪಟ್ಟಿಯ ಎತ್ತರ 38 ಎಂಎಂ ಇಟ್ಟೆ, ಅರ್ಧ ಭಾಗ ಹಲಗೆಯ ಕೆಳಗೆ ಇಳಿಯುವ ಹಾಗೆ. ದಪ್ಪ ಅಷ್ಟೇ ಇದ್ದು ಎತ್ತರ ಎರಡು ಪಟ್ಟಾದರೆ, ಪಟ್ಟಿ ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟಾಗುತ್ತದೆ. ಪುಸ್ತಕದ ಭಾರಕ್ಕೆ ಇದು ಬೇಕು.

"ನಾಕು ಮೊಳೆ ಹೊಡೀರಿ ಸಾರ್, ಬರೀ ಫೆವಿಕಾಲ್ ನಂಬ್ಬೇಡಿ" ಅಂದರು ನಮ್ಮ ಆಚಾರ್ರು. ನಾನು ಹೊಡೆಯಲಿಲ್ಲ. ಉದ್ದಕ್ಕೂ ಅಂಟು ಹಿಡಿದರೆ ಮೊಳೆಗೆ ಕೆಲಸವಿಲ್ಲ. ಮೊಳೆ ತೂತಿಗೆ ಮೆತ್ತಿದ ಪುಟ್ಟಿ ಪಾಲಿಶ್ ಆದಮೇಲೂ ಕಣ್ಣಿಗೆ ಹೊಡೆಯುತ್ತದೆ. ಆದರೆ ಪ್ಲೈವುಡ್ ಅಂಚು ಅಂಟು ಕುಡಿಯುತ್ತದೆ. ಮೊದಲು ತೆಳ್ಳಗೆ ಸವರಿ, ಕೊಂಚ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಪಟ್ಟಿಯನ್ನು ಅಂಟಿಸುವ ಹೊತ್ತಿಗೇ ಹೊಸದಾಗಿ ಕೀಸಿಕೊಂಡೆ. ಕ್ಲ್ಯಾಂಪ್ ಸಾಲದ ಕಡೆ ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ವೆನೀರಿನ ಎಳೆಯೊಳಗೆ ಸೇರಿ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ. ರಬ್ಬರಿನಂತಾದಾಗ ಉಳಿಯಿಂದ ಎಬ್ಬಿಸಿದರೆ ಎದ್ದು ಬರುತ್ತದೆ.

ನಿಜವಾದ ಕೆಲಸ ಇನ್ನು ಮುಂದೆ. ಪಟ್ಟಿಯನ್ನು ಹಲಗೆಗಿಂತ ಕೂದಲೆಳೆಯಷ್ಟು ಮೇಲಕ್ಕೇ ಅಂಟಿಸಿರುತ್ತೇವೆ, ಅದನ್ನು ಸಮ ಮಾಡಬೇಕು. ವೆನೀರ್ ದಪ್ಪ ಅರ್ಧ ಎಂಎಂ ಆಸುಪಾಸು, ಕೈ ತಪ್ಪಿದರೆ ಕೆಳಗಿನ ಪದರ ಇಣುಕುತ್ತದೆ. ಹಲಗೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಉಜ್ಜುಗೊರಡನ್ನು ಓರೆಯಾಗಿ ಹಿಡಿದು, ಎಳೆ ಸಾಗುವ ದಿಕ್ಕಿಗೇ ತೆಳ್ಳಗೆ ಕೀಸಿದೆ. ಟೇಪಿಗೆ ಅಲಗು ತಾಗುತ್ತಿದ್ದಂತೆ ಗೊರಡು ಕೆಳಗಿಟ್ಟೆ. ಟೇಪು ಕಿತ್ತು, ಬೆಸುಗೆಯ ಎರಡೂ ಕಡೆ ಪೆನ್ಸಿಲಿನಲ್ಲಿ ಗೀಚಿ, ಮರದ ತುಂಡಿಗೆ ಸುತ್ತಿದ 180ರ ಉಪ್ಪುಕಾಗದದಲ್ಲಿ ಉಜ್ಜಿದೆ. ವೆನೀರಿನ ಮೇಲಿನ ಗೀಚು ಮಸುಕಾಗುತ್ತಿದ್ದಂತೆ ನಿಲ್ಲಿಸಬೇಕು. ಮಷೀನಿನಲ್ಲಿ ಉಜ್ಜುವ ಆಸೆ ಬೇಡ.

ಪಾಲಿಶ್ ಹೊಡೆಯುವಾಗ ಹಲಗೆಯ ಅಡಿಗೂ ಅಷ್ಟೇ ಕೋಟ್ ಕೊಟ್ಟೆ. ಒಂದೇ ಮೈಗೆ ಹೊಡೆದರೆ ಜುಲೈ ತೇವಕ್ಕೆ ಹಲಗೆ ಸೊಟ್ಟಗಾಗುವ ಸಾಧ್ಯತೆ ಇರುತ್ತದೆ.